ಮನೆಯ ಈಜುಕೊಳಕ್ಕೆ ಯಾವ ಕ್ಲೋರಿನ್? ಸ್ಟೆಬಿಲೈಸರ್ ಲೆಕ್ಕ ಹಿಡಿದು ಆರಿಸುವುದು ಹೇಗೆ

ಕ್ಲೋರಿನ್ ಕೊಳ್ಳಲು ಹೋದರೆ ಡಬ್ಬಗಳ ಮೇಲೆ ಮೊದಲು ಕಣ್ಣಿಗೆ ಬೀಳುವುದು ಪರ್ಸೆಂಟ್. ಟ್ರೈಕ್ಲೋರ್ ಮಾತ್ರೆಯಲ್ಲಿ 90%. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯಲ್ಲಿ 65 ರಿಂದ 70%. ಡೈಕ್ಲೋರ್ ಪುಡಿಯಲ್ಲಿ ಸಾಮಾನ್ಯವಾಗಿ 56%. ಲಿಕ್ವಿಡ್ ಕ್ಲೋರಿನ್‌ನಲ್ಲಿ ಬರೀ 10 ರಿಂದ 12%. ಅಂಕಿ ಜಾಸ್ತಿ ಇದ್ದದ್ದೇ ಒಳ್ಳೆಯ ಮಾಲು ಅನ್ನಿಸುತ್ತದೆ, ಅಲ್ವಾ? ಆದರೆ ಆ ಅಂಕಿಯೊಂದನ್ನೇ ನೋಡಿ ಆರಿಸಿದರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ನೀರಿಗೆ ಬಿದ್ದ ಕ್ಲೋರಿನ್ ತನ್ನ ಕೆಲಸ ಮುಗಿಸಿ ಬೇಗ ಖಾಲಿಯಾಗುತ್ತದೆ. ಅದರ ಜೊತೆಗೆ ಬಂದದ್ದು ಎಲ್ಲೂ ಹೋಗುವುದಿಲ್ಲ. ಕೊಳದಲ್ಲೇ ಉಳಿದು ವಾರದಿಂದ ವಾರಕ್ಕೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಯಾರಾದರೂ ಯಾವ ಕ್ಲೋರಿನ್ ತರಲಿ ಅಂತ ಕೇಳಿದರೆ, ಅದು ನೀರಿನಲ್ಲಿ ಏನನ್ನು ಬಿಟ್ಟುಹೋಗುತ್ತದೆ ನೋಡಿ ಅನ್ನುತ್ತೇನೆ.

ಮೊದಲು ಸ್ಟೆಬಿಲೈಸರ್ ವಿಷಯ

ಸ್ಟೆಬಿಲೈಸರ್ ಅಂದರೆ ಸಯನ್ಯೂರಿಕ್ ಆಸಿಡ್. ಕೆಲವು ಡಬ್ಬಗಳ ಮೇಲೆ ಕಂಡೀಷನರ್ ಅಂತ ಬರೆದಿರುತ್ತದೆ, ಎರಡೂ ಒಂದೇ. ಬಯಲಿನಲ್ಲಿರುವ ಕೊಳಕ್ಕೆ ಇದು ಬೇಕೇ ಬೇಕು. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಕ್ಲೋರಿನ್ ತಡೆಯುವುದಿಲ್ಲ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು ಒಂದು ಗಂಟೆಯೊಳಗೆ ಅರ್ಧದಷ್ಟು ಕ್ಲೋರಿನ್ ಮುಗಿಸಿಬಿಡುತ್ತದೆ. ಬೆಳಿಗ್ಗೆ ಹಾಕಿದ್ದು ಸಂಜೆ ಮಕ್ಕಳು ನೀರಿಗಿಳಿಯುವ ಹೊತ್ತಿಗೆ ಇರುವುದೇ ಇಲ್ಲ.

ಸ್ಟೆಬಿಲೈಸರ್ ಇದ್ದರೆ ಕ್ಲೋರಿನ್‌ನ ಬಹುಪಾಲು ಅದಕ್ಕೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದನ್ನು ಬಿಸಿಲು ಅಷ್ಟು ಸುಲಭವಾಗಿ ಹಾಳುಮಾಡಲಾಗುವುದಿಲ್ಲ. ಆದರೆ ಅಂಟಿಕೊಂಡದ್ದು ರೋಗಾಣುಗಳನ್ನೂ ಅಷ್ಟಾಗಿ ಕೊಲ್ಲುವುದಿಲ್ಲ. ನಿಜವಾದ ಕೆಲಸ ಮಾಡುವುದು ಬಿಡಿಯಾಗಿ ಉಳಿದ ಒಂದು ಚೂರು ಮಾತ್ರ. ಅದು ಖರ್ಚಾದ ಹಾಗೆಲ್ಲ ಅಂಟಿಕೊಂಡದ್ದು ಬಿಡಿಸಿಕೊಂಡು ಬರುತ್ತದೆ. ಸ್ಟೆಬಿಲೈಸರ್ ಹದವಾಗಿದ್ದರೆ ಇದು ಒಳ್ಳೆಯ ಏರ್ಪಾಡು. ಮಿತಿ ಮೀರಿದರೆ ಬಿಡಿ ಕ್ಲೋರಿನ್ ಇನ್ನಷ್ಟು ಕಮ್ಮಿಯಾಗುತ್ತದೆ. ಟೆಸ್ಟ್ ಮಾಡಿದರೆ ಕ್ಲೋರಿನ್ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು) ಅಂತ ಚೆನ್ನಾಗಿಯೇ ತೋರಿಸುತ್ತದೆ, ನೀರು ಮಾತ್ರ ಹಸಿರಿಗೆ ತಿರುಗುತ್ತಿರುತ್ತದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಇಲ್ಲಿ ಅದೇ ತಿರುವುಮುರುವು: ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಕಾರಣಕ್ಕೆ ಕ್ಲೋರಿನ್ ಎಷ್ಟಿರಬೇಕು ಅನ್ನುವುದಕ್ಕೆ ಒಂದೇ ಅಂಕಿ ಸಾಲದು. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಕನಿಷ್ಠ ಮಟ್ಟ 1 ಪಿಪಿಎಂ. ನೀರಿನಲ್ಲಿ ಸ್ಟೆಬಿಲೈಸರ್ ಇದ್ದರೆ ಕನಿಷ್ಠ 2. ಅದು ಅಡಿಗೆರೆ ಅಷ್ಟೇ. ಮನೆಯ ಕೊಳವನ್ನು ತಾವೇ ನೋಡಿಕೊಳ್ಳುವ ಅನೇಕರು ಪಾಲಿಸುವ ಸುಲಭ ಲೆಕ್ಕ ಒಂದಿದೆ. ಸ್ಟೆಬಿಲೈಸರ್ ಎಷ್ಟಿದೆಯೋ ಅದರ 7.5% ಗಿಂತ ಕೆಳಗೆ ಕ್ಲೋರಿನ್ ಇಳಿಯಬಾರದು. ಸ್ಟೆಬಿಲೈಸರ್ 30 ಇದ್ದರೆ ಕ್ಲೋರಿನ್ 2ರ ಮೇಲಿರಬೇಕು. 50 ಇದ್ದರೆ 4 ಹತ್ತಿರ. 100 ಆಗಿಬಿಟ್ಟರೆ 7.5. ಹಸಿರಾದ ನೀರಿನ ಪಾಚಿಯನ್ನು ಕೊಲ್ಲಬೇಕಾದರೆ ಸ್ಟೆಬಿಲೈಸರಿನ ಸುಮಾರು 40% ಕ್ಲೋರಿನ್ ಬೇಕು. ಅಂದರೆ 30 ಇದ್ದಲ್ಲಿ 12 ಪಿಪಿಎಂ ಸಾಕು, 100 ಇದ್ದಲ್ಲಿ 40 ಬೇಕು. ಅಷ್ಟು ಕ್ಲೋರಿನ್ ಸುರಿಯುವುದು, ಅದನ್ನು ದಿನಗಟ್ಟಲೆ ಕಾಯ್ದುಕೊಳ್ಳುವುದು ಯಾರಿಗೂ ಸಲೀಸಲ್ಲ.

ಬಯಲಿನ ಕೊಳಕ್ಕೆ 30 ರಿಂದ 50 ಪಿಪಿಎಂ ಸ್ಟೆಬಿಲೈಸರ್ ಹದವಾದದ್ದು. ಮನೆಯೊಳಗಿನ ಕೊಳಕ್ಕೆ ಬಿಸಿಲೇ ಬೀಳುವುದಿಲ್ಲವಾದ್ದರಿಂದ ಹಾಕುವ ಅಗತ್ಯವಿಲ್ಲ. ಬಿಸಿನೀರಿನ ಟಬ್ಬಿಗಂತೂ ಬೇಡವೇ ಬೇಡ ಅನ್ನುವುದು ಸಿಡಿಸಿಯ ಸಲಹೆ.

ಒಂದು ತಿಂಗಳ ಲೆಕ್ಕ

ಹೋಲಿಕೆಗೆ 50,000 ಲೀಟರಿನ ಒಂದು ಕೊಳ ಇಟ್ಟುಕೊಳ್ಳೋಣ. ಬೇಸಿಗೆಯಲ್ಲಿ ದಿನಕ್ಕೆ 3 ಪಿಪಿಎಂ ಕ್ಲೋರಿನ್ ಖರ್ಚಾಗುತ್ತದೆ ಅಂದುಕೊಳ್ಳಿ. ಅಂದರೆ ದಿನಕ್ಕೆ 150 ಗ್ರಾಂ ಕ್ಲೋರಿನ್. ಇದಕ್ಕೆ ಟ್ರೈಕ್ಲೋರ್ ಆದರೆ 170 ಗ್ರಾಂ ಹತ್ತಿರ, 200 ಗ್ರಾಂನ ಒಂದು ಮಾತ್ರೆಯೂ ಪೂರ್ತಿ ಬೇಡ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 230 ಗ್ರಾಂ. ಡೈಕ್ಲೋರ್ ಆದರೆ 270 ಗ್ರಾಂ. 10% ಲಿಕ್ವಿಡ್ ಆದರೆ ಒಂದೂವರೆ ಲೀಟರ್.

ತಿಂಗಳ ಕೊನೆಗೆ ನೀರಿನಲ್ಲಿ ಏನು ಉಳಿದಿರುತ್ತದೆ ನೋಡಿ. ಟ್ರೈಕ್ಲೋರ್, ಡೈಕ್ಲೋರ್ ಎರಡರಲ್ಲೂ ಕ್ಲೋರಿನ್ ಜೊತೆಗೆ ಸ್ಟೆಬಿಲೈಸರ್ ಸೇರಿಕೊಂಡೇ ಇರುತ್ತದೆ. ಟ್ರೈಕ್ಲೋರ್ ಬಳಸಿದ್ದರೆ ಸ್ಟೆಬಿಲೈಸರ್ ಸುಮಾರು 54 ಪಿಪಿಎಂ ಏರಿರುತ್ತದೆ. ಡೈಕ್ಲೋರ್ ಆದರೆ 80ರ ಆಸುಪಾಸು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸ್ಟೆಬಿಲೈಸರ್ ಸೇರಿಸುವುದಿಲ್ಲ, ಆದರೆ ನೀರಿನ ಗಡಸುತನವನ್ನು ಸುಮಾರು 60 ಪಿಪಿಎಂ ಏರಿಸುತ್ತದೆ. ಲಿಕ್ವಿಡ್ ಬಿಟ್ಟುಹೋಗುವುದು ಉಪ್ಪು, 150 ಪಿಪಿಎಂ ಹತ್ತಿರ. ಉಪ್ಪುನೀರಿನ ಕೊಳಗಳಲ್ಲಿ 3,000 ಪಿಪಿಎಂ ಉಪ್ಪು ಬೇಕಂತಲೇ ಹಾಕಿರುತ್ತಾರೆ. ಅದರ ಮುಂದೆ ಇದು ಏನೇನೂ ಅಲ್ಲ.

ಒಂದೇ ಪ್ರಮಾಣದ ಕ್ಲೋರಿನ್‌ಗೆ ಇಷ್ಟು ಬೇರೆ ಬೇರೆ ಪರಿಣಾಮ. ಡಬ್ಬದ ಮೇಲಿನ ಪರ್ಸೆಂಟ್ ಇದನ್ನು ಹೇಳುವುದೇ ಇಲ್ಲ.

ಟ್ರೈಕ್ಲೋರ್ ಮಾತ್ರೆ

ಇಷ್ಟು ಅನುಕೂಲದ ಕ್ಲೋರಿನ್ ಇನ್ನೊಂದಿಲ್ಲ. ಫ್ಲೋಟರ್‌ಗೋ (ನೀರಿನ ಮೇಲೆ ತೇಲುವ ಡಬ್ಬಿ) ಫೀಡರ್‌ಗೋ (ಪೈಪಿಗೆ ಜೋಡಿಸಿದ ಡಬ್ಬಿ) ಹಾಕಿಬಿಟ್ಟರೆ ನಿಧಾನವಾಗಿ ಕರಗುತ್ತಾ ದಿನಗಟ್ಟಲೆ ಕ್ಲೋರಿನ್ ಕೊಡುತ್ತದೆ. ಊರಿಗೆ ಹೋಗಿಬರುವವರಿಗೆ, ದಿನಾ ಕೊಳದ ಹತ್ತಿರ ಹೋಗಲಾಗದವರಿಗೆ ಇದು ವರದಾನವೇ ಸರಿ. ಹೊಸದಾಗಿ ತುಂಬಿದ ಕೊಳಕ್ಕೂ ಒಳ್ಳೆಯದು. ಸ್ಟೆಬಿಲೈಸರ್ ಹೇಗಿದ್ದರೂ ಬೇಕು, ಮೊದಲ ಎರಡು ಮೂರು ವಾರ ಮಾತ್ರೆಯೇ ಅದನ್ನೂ ತಂದುಕೊಡುತ್ತದೆ.

ತೊಂದರೆ ಶುರುವಾಗುವುದು ಆಮೇಲೆ. ಮೊದಲ ತಿಂಗಳು ನೀರು ಫಳಫಳ. ಎರಡನೇ ತಿಂಗಳೂ ಪರವಾಗಿಲ್ಲ. ಮೂರನೇ ತಿಂಗಳ ಹೊತ್ತಿಗೆ ಸ್ಟೆಬಿಲೈಸರ್ 150 ದಾಟಿರುತ್ತದೆ. ಮಾತ್ರೆ ಅದೇ, ಅಳತೆ ಅದೇ, ಆದರೂ ಗೋಡೆ ಜಾರಲು ಶುರುವಾಗುತ್ತದೆ. ಆಗ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಏನು? ಇನ್ನೆರಡು ಮಾತ್ರೆ ಹಾಕುವುದು. ಅದು ಇನ್ನಷ್ಟು ಸ್ಟೆಬಿಲೈಸರ್ ತರುತ್ತದೆ.

ಇನ್ನೊಂದು ವಿಷಯ ಅದರ ಹುಳಿ. ಟ್ರೈಕ್ಲೋರ್ ಕರಗಿದ ನೀರಿನ ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ) 3ರ ಹತ್ತಿರ ಇರುತ್ತದೆ. ಮಾತ್ರೆಯನ್ನು ಸ್ಕಿಮ್ಮರ್ ಬುಟ್ಟಿಯಲ್ಲಿಟ್ಟು (ನೀರಿನ ಮೇಲಿನ ಎಲೆ, ಕಸ ಹಿಡಿಯುವ ಬುಟ್ಟಿ) ಪಂಪು ನಿಲ್ಲಿಸಿದರೆ ಆ ಹುಳಿನೀರು ಅಲ್ಲೇ ನಿಂತಿರುತ್ತದೆ. ಪಂಪು ಶುರುವಾದ ಕೂಡಲೇ ಅದು ನೇರ ಹೀಟರಿನ ತಾಮ್ರದ ಕೊಳವೆಗೆ ಹೋಗುತ್ತದೆ, ತಾಮ್ರ ಸವೆಯುತ್ತದೆ. ವಿನೈಲ್ ಹಾಸಿನ ಕೊಳದ ತಳಕ್ಕೆ ಮಾತ್ರೆ ಬಿದ್ದರೆ ಅಲ್ಲಿ ಬಿಳಿ ಕಲೆ ಖಾಯಂ. ಫ್ಲೋಟರೇ ವಾಸಿ.

ಡೈಕ್ಲೋರ್ ಪುಡಿ

ಬೇಗ ಕರಗುತ್ತದೆ, ಪಿಎಚ್ ಮೇಲೆ ಹೆಚ್ಚು ಪರಿಣಾಮವಿಲ್ಲ. ಆದರೆ ಸ್ಟೆಬಿಲೈಸರ್ ಏರಿಸುವುದರಲ್ಲಿ ಟ್ರೈಕ್ಲೋರನ್ನೂ ಮೀರಿಸುತ್ತದೆ. ಒಂದೇ ಸಲಕ್ಕೆ ಹೆಚ್ಚು ಕ್ಲೋರಿನ್ ಹಾಕುವುದಕ್ಕೆ ಶಾಕ್ ಅನ್ನುತ್ತಾರೆ. ಶಾಕ್ ಅಂತ ಬರೆದ ಪ್ಯಾಕೆಟ್ಟುಗಳಲ್ಲಿ ಕೆಲವು ಡೈಕ್ಲೋರೇ ಆಗಿರುತ್ತವೆ, ಕೊಳ್ಳುವಾಗ ಸಣ್ಣ ಅಕ್ಷರ ಓದಿ. ಒಂದು ಸಲ ಸ್ಟೆಬಿಲೈಸರ್ ಕೂಡಿಸಿಕೊಳ್ಳಲು ಸರಿ. ದಿನಬಳಕೆಗೆ ನಾನು ಹೇಳುವುದಿಲ್ಲ.

ಕ್ಯಾಲ್ಸಿಯಂ ಹೈಪೋಕ್ಲೋರೈಟ್

ಕ್ಯಾಲ್ ಹೈಪೋ ಅಂತ ಚಿಕ್ಕದಾಗಿ ಕರೆಯುತ್ತಾರೆ. ಒಣ ಜಾಗದಲ್ಲಿಟ್ಟರೆ ಬಹಳ ಕಾಲ ಬಾಳುತ್ತದೆ, ಹೊರುವುದೂ ಸುಲಭ. ಸ್ಟೆಬಿಲೈಸರ್ ಈಗಾಗಲೇ ಹದಕ್ಕೆ ಬಂದ ಕೊಳಕ್ಕೆ, ಅದರಲ್ಲೂ ನೀರು ಮೆದುವಾಗಿರುವ ಕಡೆ, ಇದು ಚೆನ್ನಾಗಿ ಹೊಂದುತ್ತದೆ. ಸಿಮೆಂಟಿನ ಕೊಳಕ್ಕೆ ಸ್ವಲ್ಪ ಕ್ಯಾಲ್ಸಿಯಂ ಬೇಕು ಕೂಡ. ಇಲ್ಲದಿದ್ದರೆ ನೀರು ಗೋಡೆಯ ಗಾರೆಯಿಂದಲೇ ಕಿತ್ತುಕೊಳ್ಳುತ್ತದೆ.

ನಿಮ್ಮದು ಬೋರ್‌ವೆಲ್ಲಿನ ಗಡಸು ನೀರಾಗಿದ್ದರೆ ಮಾತು ಬೇರೆ. ತಿಂಗಳು ತಿಂಗಳು ಸೇರುವ ಕ್ಯಾಲ್ಸಿಯಂ ಟೈಲ್ಸಿನ ಅಂಚಿನಲ್ಲಿ ಬಿಳಿ ಗೀಟಾಗಿ, ಹೀಟರಿನೊಳಗೆ ಪದರವಾಗಿ ಕೂರುತ್ತದೆ. ಪುಡಿಯನ್ನು ಬಕೆಟ್ ನೀರಿನಲ್ಲಿ ಕರಗಿಸಿ ಹಾಕುವುದು ಒಳ್ಳೆಯದು, ವಿನೈಲ್ ಹಾಸು ಇದ್ದರಂತೂ ಕಡ್ಡಾಯ. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿಯಬೇಡಿ.

ಮಾಮೂಲಿ ಬ್ಲೀಚಿಂಗ್ ಪೌಡರ್ ಇದರ ಬಡ ನೆಂಟ. ಮೂರನೇ ಒಂದು ಪಾಲು ಕ್ಲೋರಿನ್, ಮಿಕ್ಕಿದ್ದರಲ್ಲಿ ಬಹಳಷ್ಟು ಸುಣ್ಣ. ತಳದಲ್ಲಿ ಕೂತ ಬಿಳಿ ಗಸಿ ತೆಗೆಯುವ ಕೆಲಸ ನೆನೆಸಿಕೊಂಡರೆ ಉಳಿಸಿದ ದುಡ್ಡು ದುಡ್ಡೇ ಅಲ್ಲ.

ಲಿಕ್ವಿಡ್ ಕ್ಲೋರಿನ್

ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಮನೆಯ ಕೊಳಕ್ಕೆ ನನ್ನ ಮೊದಲ ಆಯ್ಕೆ ಇದೇ. ಸ್ಟೆಬಿಲೈಸರ್ ಏರುವುದಿಲ್ಲ, ಕ್ಯಾಲ್ಸಿಯಂ ಏರುವುದಿಲ್ಲ, ಕರಗುವ ತನಕ ಕಾಯಬೇಕಿಲ್ಲ. ಹಾಕಿದ ಕೂಡಲೇ ಪಿಎಚ್ ಸ್ವಲ್ಪ ಮೇಲೆ ಹೋಗುತ್ತದೆ, ಕ್ಲೋರಿನ್ ಖರ್ಚಾದ ಹಾಗೆ ಹೆಚ್ಚುಕಮ್ಮಿ ಮೊದಲಿನ ಜಾಗಕ್ಕೇ ಬರುತ್ತದೆ. ಲೆಕ್ಕವೂ ಸುಲಭ. 50,000 ಲೀಟರಿಗೆ 10% ಲಿಕ್ವಿಡ್ ಒಂದು ಲೀಟರ್ ಹಾಕಿದರೆ 2 ಪಿಪಿಎಂ.

ಇದರ ಶತ್ರು ಸೆಕೆ. ಬಿಸಿಯಲ್ಲಿ, ಬೆಳಕಿನಲ್ಲಿ ಇಟ್ಟರೆ ಕ್ಯಾನಿನೊಳಗೇ ಶಕ್ತಿ ಕಳೆದುಕೊಳ್ಳುತ್ತದೆ. 12% ಇರುವುದು 10% ಇರುವುದಕ್ಕಿಂತ ಬೇಗ ಇಳಿಯುತ್ತದೆ. ಹಾಗಾಗಿ ಅಗ್ಗ ಸಿಕ್ಕಿತು ಅಂತ ಆರು ತಿಂಗಳಿಗಾಗುವಷ್ಟು ತಂದಿಡುವುದು ಸುಮ್ನೆ ದಂಡ. ಕ್ಯಾನಿನ ಮೇಲೆ ತಯಾರಾದ ತಾರೀಕು ನೋಡಿ ತನ್ನಿ, ಎರಡು ಮೂರು ವಾರಕ್ಕಾಗುವಷ್ಟು ಸಾಕು. ಭಾರ ಹೊರಬೇಕು, ಬಟ್ಟೆಗೆ ಚಿಮ್ಮಿದರೆ ಬಣ್ಣ ಹೋಗುತ್ತದೆ, ದಿನಾ ಅಥವಾ ದಿನ ಬಿಟ್ಟು ದಿನ ಹಾಕಬೇಕು. ಸಂಜೆ ಸೂರ್ಯ ಮುಳುಗಿದ ಮೇಲೆ ಹಾಕಿದರೆ ರಾತ್ರಿಯಿಡೀ ಬಿಸಿಲಿನ ಕಾಟವಿಲ್ಲದೆ ಕೆಲಸ ಮಾಡುತ್ತದೆ.

ಉಪ್ಪಿನ ಯಂತ್ರ

ಉಪ್ಪುನೀರಿನ ಕೊಳ ಅಂದರೆ ಕ್ಲೋರಿನ್ ಇಲ್ಲದ ಕೊಳ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ನೀರಿನ ಉಪ್ಪಿನಿಂದಲೇ ಯಂತ್ರದ ಸೆಲ್ ವಿದ್ಯುತ್ ಹಾಯಿಸಿ ಕ್ಲೋರಿನ್ ತಯಾರಿಸುತ್ತದೆ. ಲಿಕ್ವಿಡ್ ಕ್ಲೋರಿನ್ನೇ ಹನಿ ಹನಿಯಾಗಿ ದಿನವಿಡೀ ಬಂದ ಹಾಗೆ. ಸ್ಟೆಬಿಲೈಸರ್ ಪ್ರತ್ಯೇಕವಾಗಿ ಹಾಕಬೇಕು. ಬಹುತೇಕ ಯಂತ್ರಗಳಿಗೆ 60 ರಿಂದ 80 ಹೇಳುತ್ತಾರೆ. ಕ್ಲೋರಿನ್ ನಿಧಾನವಾಗಿ ಬರುವುದರಿಂದ ಬಿಸಿಲಿನಲ್ಲಿ ಅದನ್ನು ಹೆಚ್ಚು ಕಾಪಾಡಬೇಕಾಗುತ್ತದೆ. ಈ ಕೊಳಗಳಲ್ಲಿ ಪಿಎಚ್ ಮೇಲೇರುವ ಚಾಳಿ ಇದೆ. ಹಾಗಾಗಿ ಆಸಿಡ್ ಹಾಕುವ ಕೆಲಸ ತಪ್ಪುವುದಿಲ್ಲ. ಸೆಲ್ ಮೇಲೆ ಸುಣ್ಣ ಕಟ್ಟುತ್ತದೆ, ಕೆಲವು ವರ್ಷಕ್ಕೆ ಸೆಲ್ಲೇ ಬದಲಾಯಿಸಬೇಕು. ಮೊದಲ ಖರ್ಚು ದೊಡ್ಡದು, ದಿನದ ತಾಪತ್ರಯ ಕಮ್ಮಿ.

ಅಳೆಯದೆ ಆರಿಸಬೇಡಿ

ಕ್ಲೋರಿನ್ ಬದಲಿಸುವ ಮುಂಚೆ ಈಗ ಸ್ಟೆಬಿಲೈಸರ್ ಎಷ್ಟಿದೆ ಅಂತ ಗೊತ್ತಿರಬೇಕು. ಪಟ್ಟಿ ಅದ್ದಿ ಬಣ್ಣ ನೋಡುವ ಟೆಸ್ಟ್ ಇದಕ್ಕೆ ನಂಬಿಕೆಗೆ ಸಾಲದು. 40ಕ್ಕೂ 80ಕ್ಕೂ ಬಣ್ಣದ ವ್ಯತ್ಯಾಸ ಹೇಳುವುದೇ ಕಷ್ಟ.

ಕಪ್ಪು ಚುಕ್ಕೆಯ ಟ್ಯೂಬ್ ಇರುವ ಕಿಟ್ ವಾಸಿ. ಕೊಳದ ನೀರಿಗೆ ಅಷ್ಟೇ ಅಳತೆಯ ಕಿಟ್ ದ್ರಾವಣ ಬೆರೆಸಿ ಅಲುಗಾಡಿಸಬೇಕು. ಒಳಗಿನ ಮೆಲಮೈನ್ ಸಯನ್ಯೂರಿಕ್ ಆಸಿಡ್ ಜೊತೆ ಸೇರಿ ನೀರು ಹಾಲಿನ ಹಾಗೆ ಮಬ್ಬಾಗುತ್ತದೆ. ಸ್ವಲ್ಪ ಬಿಟ್ಟು ತಳದಲ್ಲಿ ಕಪ್ಪು ಚುಕ್ಕೆ ಇರುವ ಟ್ಯೂಬಿಗೆ ನಿಧಾನವಾಗಿ ಸುರಿಯುತ್ತಾ ಹೋಗಬೇಕು. ಮೇಲಿನಿಂದ ನೋಡಿದಾಗ ಚುಕ್ಕೆ ಪೂರ್ತಿ ಮಾಯವಾದ ಕಡೆ ನೀರು ಯಾವ ಗೆರೆಯಲ್ಲಿದೆಯೋ ಅದೇ ಅಳತೆ. ಬಯಲಿನಲ್ಲಿ, ಬಿಸಿಲಿಗೆ ಬೆನ್ನು ಹಾಕಿ, ಟ್ಯೂಬನ್ನು ನಿಮ್ಮ ನೆರಳಿನಲ್ಲಿ ಸೊಂಟದ ಎತ್ತರಕ್ಕೆ ಹಿಡಿಯಿರಿ. ಚುಕ್ಕೆಯನ್ನೇ ದಿಟ್ಟಿಸಬೇಡಿ, ದಿಟ್ಟಿಸಿದರೆ ಇಲ್ಲದ ಚುಕ್ಕೆಯೂ ಕಾಣುತ್ತದೆ. ಒಮ್ಮೆ ಕಣ್ಣು ಹಾಯಿಸಿ, ಬೇರೆ ಕಡೆ ನೋಡಿ, ಮತ್ತೆ ಹಾಯಿಸಿ. ಹತ್ತು ಪಿಪಿಎಂ ಆಚೀಚೆ ಆಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಅಳತೆ 100ಕ್ಕೇ ನಿಂತರೆ ಅದನ್ನು 100 ಅಂತ ನಂಬಬೇಡಿ. ಅರ್ಧ ಕೊಳದ ನೀರು, ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ.

ಕ್ಲೋರಿನ್ ಅಳೆಯಲು ಹಳದಿ ಬಣ್ಣ ಬರುವ ಹಳೆಯ ಓಟಿಒ ಕಿಟ್ ಒಟ್ಟು ಕ್ಲೋರಿನ್ನನ್ನು ಮಾತ್ರ ತೋರಿಸುತ್ತದೆ. ಬೆವರು, ಮೂತ್ರದ ಜೊತೆ ಸೇರಿ ಕೆಲಸಕ್ಕೆ ಬಾರದಂತಾದ ಕ್ಲೋರಿನ್ನೂ ಅದರಲ್ಲಿ ಸೇರಿರುತ್ತದೆ. ಕೊಳದ ಘಾಟು ವಾಸನೆ, ಕಣ್ಣುರಿ ಬರುವುದು ಈ ಕೆಟ್ಟ ಕ್ಲೋರಿನ್‌ನಿಂದಲೇ. ಗುಲಾಬಿ ಬಣ್ಣದ ಡಿಪಿಡಿ ಕಿಟ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನೋಡಬಹುದು. ಆದರೆ ಕ್ಲೋರಿನ್ ತುಂಬಾ ಜಾಸ್ತಿಯಿದ್ದರೆ ಗುಲಾಬಿ ಒಂದು ಕ್ಷಣ ಮಿಂಚಿ ಬಿಳಿಚಿಕೊಳ್ಳುತ್ತದೆ. ಸೊನ್ನೆ ಅಂದುಕೊಂಡು ಇನ್ನಷ್ಟು ಸುರಿಯುವವರಿದ್ದಾರೆ! ಗುಲಾಬಿ ಹೋಗುವ ತನಕ ಹನಿ ಎಣಿಸುವ ಎಫ್ಎಎಸ್ ಡಿಪಿಡಿ ಕಿಟ್‌ನಲ್ಲಿ ಈ ಗೊಂದಲವಿಲ್ಲ.

ಕ್ಲೋರಿನ್ ಬೇಗ ಇಳಿಯುತ್ತಿದೆ, ಸ್ಟೆಬಿಲೈಸರ್ ಸಾಲದೇನೋ ಅನ್ನಿಸಿದರೆ ಮೊದಲು ರಾತ್ರಿಯ ಪರೀಕ್ಷೆ ಮಾಡಿ. ಕತ್ತಲಾದ ಮೇಲೆ ಅಳೆಯಿರಿ, ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ. ಆದರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ನೀರಿನಲ್ಲಿ ಪಾಚಿಯೋ ಕೊಳೆಯೋ ತಿನ್ನುತ್ತಿದೆ ಅಂತ ಅರ್ಥ. ಅಲ್ಲಿಗೆ ಸ್ಟೆಬಿಲೈಸರ್ ಹಾಕಿ ಪ್ರಯೋಜನವಿಲ್ಲ. ರಾತ್ರಿ ಇಳಿಯದೆ ಹಗಲು ಮಾತ್ರ ಇಳಿದರೆ ಬಿಸಿಲಿನದೇ ಕೆಲಸ.

ಏರಿಸುವುದು, ಇಳಿಸುವುದು

ಏರಿಸುವುದು ಸುಲಭ. 1,000 ಲೀಟರಿಗೆ 1 ಗ್ರಾಂ ಅಂದರೆ 1 ಪಿಪಿಎಂ. ನಮ್ಮ 50,000 ಲೀಟರಿನ ಕೊಳಕ್ಕೆ 30 ಪಿಪಿಎಂ ಬೇಕಾದರೆ ಒಂದೂವರೆ ಕೆಜಿ. ನೀರಿಗೆ ಎರಚಿದರೆ ತಳದಲ್ಲಿ ಹರಳಾಗಿ ಕೂರುತ್ತದೆ. ಹಳೆಯ ಕಾಲುಚೀಲಕ್ಕೆ ತುಂಬಿ, ನೀರು ಒಳಬರುವ ತೂತಿನ ಮುಂದೆ ಕಟ್ಟಿ, ಆಗಾಗ ಹಿಂಡಿ. ಪೂರ್ತಿ ಕರಗಲು ದಿನಗಳೇ ಬೇಕು. ಕರಗುವ ಮುಂಚೆ ಅಳೆದು, ಕಮ್ಮಿಯಿದೆ ಅಂತ ಇನ್ನಷ್ಟು ಹಾಕಬೇಡಿ. ಒಂದೇ ಸಲಕ್ಕೆ 30ರ ಗುರಿ ಸಾಕು.

ಇಳಿಸುವುದು ಕಷ್ಟ. ನೀರು ಆವಿಯಾದರೂ ಸ್ಟೆಬಿಲೈಸರ್ ಅಲ್ಲೇ ಉಳಿಯುತ್ತದೆ. ನಂಬಬಹುದಾದ ದಾರಿ ನೀರು ಬದಲಿಸುವುದು. 100 ಇದ್ದದ್ದನ್ನು 50ಕ್ಕೆ ತರಬೇಕಾದರೆ ಅರ್ಧ ಕೊಳ ಖಾಲಿ ಮಾಡಬೇಕು. 120ನ್ನು 40ಕ್ಕೆ ತರಬೇಕಾದರೆ ಮೂರರಲ್ಲಿ ಎರಡು ಪಾಲು. ಅಂತರ್ಜಲ ಮೇಲಿರುವ ಜಾಗದಲ್ಲಿ, ಮಳೆಗಾಲದಲ್ಲಿ, ಪೂರ್ತಿ ಖಾಲಿ ಮಾಡುವ ಸಾಹಸ ಬೇಡ. ಕೆಳಗಿನ ನೀರಿನ ಒತ್ತಡಕ್ಕೆ ಕೊಳದ ತೊಟ್ಟಿಯೇ ಮೇಲೇಳಬಹುದು. ಸ್ವಲ್ಪ ಸ್ವಲ್ಪವಾಗಿ ತೆಗೆದು ತುಂಬುವುದು ಕ್ಷೇಮ. ನೀರು ಸಿಗುವುದೇ ಕಷ್ಟವಿರುವ ಕಡೆ ಮೊದಲಿನಿಂದಲೇ ಮಾತ್ರೆ ಕಮ್ಮಿ ಬಳಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ?

ಹಾಗಾದರೆ ಯಾರಿಗೆ ಯಾವುದು?

ದಿನಾ ಐದು ನಿಮಿಷ ಕೊಡಬಲ್ಲಿರಿ, ಹತ್ತಿರದಲ್ಲೇ ತಾಜಾ ಸರಕು ಸಿಗುತ್ತದೆ ಅಂದರೆ ಲಿಕ್ವಿಡ್ ತನ್ನಿ. ಸ್ಟೆಬಿಲೈಸರನ್ನು 30 ರಿಂದ 40ಕ್ಕೆ ತಂದು ನಿಲ್ಲಿಸಿ. ಲಿಕ್ವಿಡ್ ಸಿಗದಿದ್ದರೆ, ನೀರು ಮೆದುವಾಗಿದ್ದರೆ ಕ್ಯಾಲ್ ಹೈಪೋ. ವರ್ಷವಿಡೀ ಬಳಸುವ ಕೊಳ, ದಿನಾ ಕ್ಲೋರಿನ್ ಹಾಕುವ ಕೆಲಸ ಆಗುವುದಿಲ್ಲ ಅನ್ನುವವರಿಗೆ ಉಪ್ಪಿನ ಯಂತ್ರ. ಟ್ರೈಕ್ಲೋರನ್ನು ಪೂರ್ತಿ ಬಿಡಬೇಕಿಲ್ಲ. ಸ್ಟೆಬಿಲೈಸರ್ 30ರ ಕೆಳಗಿದ್ದಾಗ, ವಾರಗಟ್ಟಲೆ ಮನೆಯಲ್ಲಿ ಯಾರೂ ಇಲ್ಲದಾಗ ಬಳಸಿ. ಮಳೆ ಜಾಸ್ತಿ ಬಿದ್ದು ಕೊಳ ತುಂಬಿ ಹರಿಯುವ ಕಡೆ, ಆಗಾಗ ಬ್ಯಾಕ್‌ವಾಶ್ ಮಾಡುವ (ಫಿಲ್ಟರಿಗೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆದು ಹೊರಗೆ ಬಿಡುವ) ಕಡೆ ನೀರಿನ ಜೊತೆ ಸ್ಟೆಬಿಲೈಸರೂ ಹೋಗುತ್ತಿರುತ್ತದೆ. ಅಲ್ಲಿ ಮಾತ್ರೆ ಇನ್ನೂ ಸ್ವಲ್ಪ ಧಾರಾಳವಾಗಿ ನಡೆಯುತ್ತದೆ.

ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಹುಷಾರು. ಟ್ರೈಕ್ಲೋರ್ ಇದ್ದ ಫೀಡರ್‌ಗೆ ಕ್ಯಾಲ್ ಹೈಪೋ ಹಾಕಲೇಬೇಡಿ. ಎರಡೂ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು, ಅದರಲ್ಲೂ ಸ್ವಲ್ಪ ಒದ್ದೆಯಾಗಿದ್ದರೆ. ಲಿಕ್ವಿಡ್ ಕ್ಲೋರಿನ್‌ಗೆ ಆಸಿಡ್ ಸೇರಿದರೆ ವಿಷಾನಿಲ ಏಳುತ್ತದೆ. ಎರಡನ್ನೂ ಒಂದೇ ದಿನ ಹಾಕಬೇಕಾದರೆ ಪಂಪು ಓಡುತ್ತಿರಲಿ, ಒಂದು ಹಾಕಿ ನೀರು ಚೆನ್ನಾಗಿ ಸುತ್ತಿದ ಮೇಲೆ ಇನ್ನೊಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಚಮಚ ಇಡಿ. ಕಪಾಟಿನಲ್ಲಿ ಪುಡಿಯ ಡಬ್ಬ ಮೇಲೆ, ಲಿಕ್ವಿಡ್ ಕ್ಯಾನು ಕೆಳಗೆ. ಸೋರಿದರೂ ಪುಡಿಯ ಮೇಲೆ ಬೀಳಬಾರದು. ಆಸಿಡ್ ಆ ಕೋಣೆಯಲ್ಲೇ ಬೇಡ.